ಮಾತು ಬಿಟ್ಟ ಯಂತ್ರ

ಹಿರಿಯೂರು ತಾಲ್ಲೂಕಿನ ಧರ್ಮಪುರದ ಸುತ್ತಿನ ಸೀಮೆ ಮಳೆಯ ದಾರಿ ಕಾಯುವ ಬಯಲುಸೀಮೆ. ಇಲ್ಲಿ ಬೇಸಿಗೆಯ ಕೊನೆಯ ದಿನಗಳಿಗೆ ಬೆಲೆ ಹೆಚ್ಚು. ಕೆರೆಯ ಹೂಳನ್ನು ಎತ್ತುವುದಿದ್ದರೆ ಮಳೆಗೆ ಮೊದಲೇ ಎತ್ತಬೇಕು. ಕೆರೆಯಂಗಳದಲ್ಲಿ ಒಮ್ಮೆ ನೀರು ನಿಂತಿತೆಂದರೆ ಆ ವರ್ಷದ ಕೆಲಸ ಮುಗಿದಂತೆಯೇ. ಕೆಲವು ವರ್ಷಗಳ ಹಿಂದೆ, ಮೇ ತಿಂಗಳಿನಲ್ಲಿ, ಬಂಧುಗಳ ಹೊಲಕ್ಕೆ ಗೋಡುಮಣ್ಣು ಹೊಡೆಸುವ ಕಾರ್ಯದ ನಿಮಿತ್ತ ನಾನು ಅಲ್ಲಿಗೆ ಹೋಗಿದ್ದೆ. ಕೆರೆಯಂಗಳದಲ್ಲಿ ಹತ್ತು ಹನ್ನೆರಡು ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಅವುಗಳಿಗೆ ಮಣ್ಣು ತುಂಬಬೇಕಾದ ಅಗೆಯುವ ಯಂತ್ರವು ಮಾತ್ರ ಸುಮ್ಮನೆ ನಿಂತಿತ್ತು. ಯಾವ ಕಂಪನಿಯದಾದರೂ ನಮ್ಮ ಹಳ್ಳಿಗಳಲ್ಲಿ ಇಂತಹ ಯಂತ್ರಕ್ಕೆ 'ಹಿಟಾಚಿ' ಎಂದೇ ಹೆಸರು. ಆ ಯಂತ್ರ ಯಾರದು, ಎಲ್ಲಿ ತಯಾರಾದುದು ಎಂಬುದು ಇಲ್ಲಿ ಮುಖ್ಯವಲ್ಲ. ಅದರ ರೋಗ ಯಾವ ಯಂತ್ರಕ್ಕಾದರೂ ಬರಬಹುದಾದದ್ದು.

"ಎಂಜಿನ್ನು ಕೆಟ್ಟಿಲ್ಲ ಮೇಷ್ಟ್ರೇ. ಡೀಸೆಲ್ ಇದೆ, ಆಯಿಲ್ ಇದೆ. ಬೆಳಿಗ್ಗೆ ಒಂದೆರಡು ಗಂಟೆ ಚೆನ್ನಾಗೇ ನಡೆಯುತ್ತೆ. ಆಮೇಲೆ ಒಂದು ಸಾರಿ ಜೋರಾಗಿ ಕುಲುಕಿದರೆ ಸಾಕು, ಕೈ ಎತ್ತೋದೇ ಇಲ್ಲ" ಎಂದು ಚಾಲಕನು ಹೇಳಿದನು. ಎಂಜಿನ್ನು ಮಂದಗತಿಯಲ್ಲಿ ಗುಡುಗುಟ್ಟುತ್ತಿತ್ತು. ವೇಗವನ್ನು ಹೆಚ್ಚಿಸಿದರೆ ಏರುತ್ತಿರಲಿಲ್ಲ. ಮುಂದಿನ ಪರದೆಯಲ್ಲಿ ಒಂದು ಸಂಖ್ಯೆಯೂ, ಎಂಜಿನ್ನಿನ ನಿಯಂತ್ರಕದೊಡನೆ ಸಂಪರ್ಕವಿಲ್ಲವೆಂಬ ಸೂಚನೆಯೂ ಕಾಣುತ್ತಿದ್ದವು. ವಾರದ ಹಿಂದೆ ನಗರದಿಂದ ಬಂದ ಕುಶಲಕರ್ಮಿಯೊಬ್ಬನು ಆ ಸೂಚನೆಯನ್ನು ಓದಿ, ಎಂಜಿನ್ನಿನ ನಿಯಂತ್ರಕವೇ ಸತ್ತಿದೆಯೆಂದು ತೀರ್ಮಾನಿಸಿ, ಹೊಸದನ್ನು ತರಿಸಿ ಹಾಕಿದ್ದನು. ಯಂತ್ರವು ಒಂದು ದಿನ ನಡೆದು ಮತ್ತೆ ಹಾಗೆಯೇ ನಿಂತಿತು. ಮಾಲೀಕನ ಹಲವು ತಿಂಗಳ ಸಂಪಾದನೆ ಆ ಒಂದು ಪೆಟ್ಟಿಗೆಗೆ ಹೋಗಿತ್ತು.

ಕೊನೆಗೆ ಹಿರಿಯೂರಿನಿಂದ ಬಂದ ವಿದ್ಯುತ್ ಕೆಲಸಗಾರನೊಬ್ಬನು ಸಾಮಾನ್ಯ ಮಲ್ಟಿಮೀಟರಿನ ಸಹಾಯದಿಂದ ಅರ್ಧ ಗಂಟೆಯೊಳಗೆ ದೋಷವನ್ನು ಕಂಡುಹಿಡಿದನು. ಅವನು ಬಳಸಿದ ವಿಜ್ಞಾನವು ಪ್ರೌಢಶಾಲೆಯ ವಿದ್ಯಾರ್ಥಿಗಳು ಓದುವ ಓಮನ ನಿಯಮಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಅದು ಹೇಗೆ ಸಾಧ್ಯವಾಯಿತೆಂಬುದನ್ನು ವಿಚಾರಮಾಡೋಣ.

ಒಂದು ಯಂತ್ರ, ಹಲವು ಮೆದುಳುಗಳು

ಇದೇ ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟನ್ನು ಕಟ್ಟಿ ಮುಗಿಸಿದ್ದು ೧೯೦೭ರಲ್ಲಿ. ಇಂದಿನ ಅಗೆಯುವ ಯಂತ್ರಗಳು ಆ ಕಾಲಕ್ಕೆ ಇರಲಿಲ್ಲ. ಇಂದು ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಯಿಂದ ಹಿಡಿದು ಹಳ್ಳಿಯ ಕೆರೆಯವರೆಗೆ ಅಗೆಯುವ ಕೆಲಸವೆಲ್ಲ ಯಂತ್ರದ ಪಾಲಾಗಿದೆ. ಇಂತಹ ಯಂತ್ರಗಳು ನಮ್ಮ ನಾಡಿನಲ್ಲಿಯೂ ತಯಾರಾಗುತ್ತವೆ. ೧೯೬೪ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯ ಕಾರ್ಖಾನೆಗಳು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿಯೂ ಮೈಸೂರಿನಲ್ಲಿಯೂ ಇವೆ. ಧಾರವಾಡದಲ್ಲಿಯೂ ಅಗೆಯುವ ಯಂತ್ರಗಳ ಕಾರ್ಖಾನೆಯಿದೆ.

ಹಳೆಯ ಯಂತ್ರಗಳಲ್ಲಿ ಚಾಲಕನ ಕೈಯಿಂದ ಎಂಜಿನ್ನಿನವರೆಗೆ ಸರಳುಗಳೂ ಉಕ್ಕಿನ ತಂತಿಗಳೂ ಇದ್ದವು. ಇಂದಿನ ಯಂತ್ರದಲ್ಲಿ ಎಂಜಿನ್ನಿಗೆ ಒಂದು, ಎಣ್ಣೆಯನ್ನು ಒತ್ತುವ ಪಂಪಿಗೆ ಒಂದು, ಚಾಲಕನ ಮುಂದಿನ ಪರದೆಗೆ ಒಂದು, ಹೀಗೆ ಹಲವು ಚಿಕ್ಕ ಗಣಕಗಳಿರುತ್ತವೆ. ಇವಕ್ಕೆ ನಿಯಂತ್ರಕಗಳೆಂದು ಹೆಸರು. ಚಾಲಕನು ಹಿಡಿಯನ್ನು ಎಳೆದಾಗ ಪಂಪಿನ ನಿಯಂತ್ರಕವು "ನನಗೆ ಹೆಚ್ಚು ಶಕ್ತಿ ಬೇಕು" ಎಂದು ತಿಳಿಸಬೇಕು. ಎಂಜಿನ್ನಿನ ನಿಯಂತ್ರಕವು "ನನ್ನ ವೇಗ ಇಷ್ಟಿದೆ, ಬಿಸಿ ಇಷ್ಟಿದೆ" ಎಂದು ಉತ್ತರಿಸಬೇಕು. ಈ ಸಂಭಾಷಣೆಯು ಒಂದು ಕ್ಷಣ ನಿಂತರೂ, ಅಪಾಯವಾಗದಿರಲೆಂದು ಪ್ರತಿಯೊಂದು ನಿಯಂತ್ರಕವೂ ತನ್ನ ಭಾಗವನ್ನು ಮಂದಗತಿಗೆ ಇಳಿಸುತ್ತದೆ. ಧರ್ಮಪುರದ ಬಳಿಯ ಯಂತ್ರಕ್ಕೆ ಆಗಿದ್ದುದು ಇದೇ.

ಪ್ರತಿಯೊಂದು ಸುದ್ದಿಗೂ ಪ್ರತ್ಯೇಕ ತಂತಿಯನ್ನು ಎಳೆಯುತ್ತ ಹೋದರೆ ತಂತಿಗಳ ಕಟ್ಟು ತೋಳಿನಷ್ಟು ದಪ್ಪವಾಗುತ್ತದೆ. ಈ ತೊಡಕಿಗೆ ಪರಿಹಾರವನ್ನು ಜರ್ಮನಿಯ ಬಾಷ್ ಸಂಸ್ಥೆಯ ಎಂಜಿನಿಯರುಗಳು ೧೯೮೩ರಿಂದ ಹುಡುಕತೊಡಗಿದರು. ೧೯೮೬ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಸಮ್ಮೇಳನವೊಂದರಲ್ಲಿ ಅವರು ತಮ್ಮ ಏರ್ಪಾಟನ್ನು ಪ್ರಕಟಿಸಿದರು. ಅದರ ಹೆಸರು 'ಕಂಟ್ರೋಲರ್ ಏರಿಯಾ ನೆಟ್‌ವರ್ಕ್', ಚಿಕ್ಕದಾಗಿ 'ಕ್ಯಾನ್'. ಎಲ್ಲ ನಿಯಂತ್ರಕಗಳಿಗೂ ಸೇರಿ ಒಂದೇ ಜೊತೆ ತಂತಿ, ಆ ತಂತಿಯ ಮೇಲೆ ಎಲ್ಲರೂ ಸರದಿಯಂತೆ ಮಾತನಾಡುವುದು, ಎಲ್ಲರೂ ಎಲ್ಲವನ್ನೂ ಕೇಳುವುದು, ಇದೇ ಅದರ ತತ್ತ್ವ. ಮೊದಲು ಕಾರುಗಳಿಗಾಗಿ ಹುಟ್ಟಿದ ಈ ಏರ್ಪಾಟು ೧೯೯೩ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಲಾರಿ, ಟ್ರ್ಯಾಕ್ಟರು, ಅಗೆಯುವ ಯಂತ್ರ ಮುಂತಾದ ಭಾರಿ ವಾಹನಗಳಿಗೆ ಹೊಂದುವಂತೆ ಇದರ ಮೇಲೆ ರಚಿತವಾದ ನಿಯಮಾವಳಿಗೆ 'ಜೆ ೧೯೩೯' ಎಂದು ಹೆಸರು.

ಎರಡು ತಂತಿಗಳ ಭಾಷೆ

ಈ ಜೊತೆಯಲ್ಲಿ ಒಂದು ತಂತಿಯನ್ನು 'ಕ್ಯಾನ್ ಹೈ' ಎಂದೂ ಇನ್ನೊಂದನ್ನು 'ಕ್ಯಾನ್ ಲೋ' ಎಂದೂ ಕರೆಯುತ್ತಾರೆ. ಯಾರೂ ಮಾತನಾಡದಿರುವಾಗ ಎರಡರಲ್ಲಿಯೂ ಸುಮಾರು ೨.೫ ವೋಲ್ಟು ಇರುತ್ತದೆ. ಎಂದರೆ ಎರಡರ ನಡುವಣ ವ್ಯತ್ಯಾಸ ಸೊನ್ನೆ. ಮಾತನಾಡುವ ನಿಯಂತ್ರಕವು ಮೊದಲನೆಯದನ್ನು ಸುಮಾರು ೩.೫ ವೋಲ್ಟಿಗೆ ಏರಿಸಿ ಎರಡನೆಯದನ್ನು ೧.೫ ವೋಲ್ಟಿಗೆ ಇಳಿಸುತ್ತದೆ. ಆಗ ವ್ಯತ್ಯಾಸ ೨ ವೋಲ್ಟು. ವ್ಯತ್ಯಾಸವಿದ್ದರೆ '೦', ಇಲ್ಲದಿದ್ದರೆ '೧'. ಈ ಎರಡೇ ಅಕ್ಷರಗಳಿಂದ ಇಡೀ ಸಂಭಾಷಣೆ ನಡೆಯುತ್ತದೆ.

ಒಂದೇ ತಂತಿಯ ವೋಲ್ಟೇಜನ್ನು ನೋಡದೆ ಎರಡರ ವ್ಯತ್ಯಾಸವನ್ನೇ ಏಕೆ ನೋಡಬೇಕು? ಎತ್ತಿನ ಗಾಡಿಯ ಮೇಲೆ ಅಣ್ಣತಮ್ಮಂದಿರಿಬ್ಬರು ನಿಂತಿದ್ದಾರೆಂದು ಭಾವಿಸಿರಿ. ಗಾಡಿ ಹಳ್ಳಕ್ಕೆ ಇಳಿದಾಗ ಇಬ್ಬರ ತಲೆಯೂ ಇಳಿಯುತ್ತದೆ. ದಿಬ್ಬ ಹತ್ತಿದಾಗ ಇಬ್ಬರ ತಲೆಯೂ ಏರುತ್ತದೆ. ಆದರೆ ಅಣ್ಣನು ತಮ್ಮನಿಗಿಂತ ಎಷ್ಟು ಎತ್ತರವೆಂಬುದು ಬದಲಾಗುವುದಿಲ್ಲ. ಯಂತ್ರದೊಳಗಿನ ವಿದ್ಯುಜ್ಜನಕ, ಮೋಟಾರುಗಳು, ಸ್ವಿಚ್ಚುಗಳು ಇವೆಲ್ಲ ಸುತ್ತಲಿನ ತಂತಿಗಳಲ್ಲಿ ಬೇಡದ ವೋಲ್ಟೇಜನ್ನು ಹುಟ್ಟಿಸುತ್ತವೆ. ಎರಡು ತಂತಿಗಳನ್ನು ಹಗ್ಗದಂತೆ ಹೊಸೆದಿರುವುದರಿಂದ ಈ ಗದ್ದಲ ಎರಡಕ್ಕೂ ಸಮನಾಗಿ ತಗಲುತ್ತದೆ. ವ್ಯತ್ಯಾಸಕ್ಕೆ ಏನೂ ಆಗುವುದಿಲ್ಲ.

ಜೆ ೧೯೩೯ ನಿಯಮದ ಸಾಮಾನ್ಯ ವೇಗದಲ್ಲಿ ಒಂದು ಸೆಕೆಂಡಿಗೆ ೨,೫೦,೦೦೦ ಅಕ್ಷರಗಳು ಸಾಗುತ್ತವೆ. ಒಂದು ಅಕ್ಷರಕ್ಕೆ ದೊರೆಯುವ ಕಾಲ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ನಾಲ್ಕು ಪಾಲು. ಉದಾಹರಣೆಗೆ, ಎಂಜಿನ್ನಿನ ವೇಗವನ್ನು ತಿಳಿಸುವಾಗ ಒಂದು ಎಣಿಕೆಗೆ ನಿಮಿಷಕ್ಕೆ ಎಂಟನೆಯ ಒಂದು ಸುತ್ತು ಎಂಬ ಲೆಕ್ಕವಿದೆ. ತಂತಿಯಲ್ಲಿ ೧೪,೪೦೦ ಎಂಬ ಸಂಖ್ಯೆ ಬಂದರೆ ಎಂಜಿನ್ನು ನಿಮಿಷಕ್ಕೆ ೧,೮೦೦ ಸುತ್ತು ತಿರುಗುತ್ತಿದೆಯೆಂದು ಅರ್ಥ.

ಯಾರು ಮೊದಲು ಮಾತನಾಡಬೇಕು?

ಒಂದೇ ದಾರಿಯಲ್ಲಿ ಇಬ್ಬರು ಒಮ್ಮೆಲೇ ಮಾತನ್ನಾರಂಭಿಸಿದರೆ ಏನಾಗುತ್ತದೆ? ಇದಕ್ಕೆ ಕಂಡುಕೊಂಡಿರುವ ಉಪಾಯ ಬಹು ಸೊಗಸಾದದ್ದು. ಕತ್ತಲೆಯ ಕೋಣೆಯಲ್ಲಿ ಹಲವರು ಕುಳಿತಿದ್ದು, ಪ್ರತಿಯೊಬ್ಬರ ಕೈಯಲ್ಲಿಯೂ ಒಂದೊಂದು ದೀಪವಿದೆಯೆನ್ನೋಣ. ಒಬ್ಬನು ಹಚ್ಚಿದರೂ ಕೋಣೆ ಬೆಳಕಾಗುತ್ತದೆ. ಕತ್ತಲೆಯಿರಬೇಕಾದರೆ ಎಲ್ಲರೂ ಆರಿಸಿರಬೇಕು. ಇಲ್ಲಿ '೦' ಎಂಬುದು ಹಚ್ಚಿದ ದೀಪ, '೧' ಎಂಬುದು ಆರಿದ ದೀಪ. ಪ್ರತಿಯೊಂದು ಸುದ್ದಿಯ ಮೊದಲಲ್ಲಿ ಅದರ ಗುರುತಿನ ಸಂಖ್ಯೆ ಇರುತ್ತದೆ. ಮಾತನಾಡುವವನು ಒಂದೊಂದೇ ಅಕ್ಷರವನ್ನು ಕಳಿಸುತ್ತ ಕೋಣೆಯನ್ನು ನೋಡುತ್ತಿರುತ್ತಾನೆ. ತಾನು ದೀಪವಾರಿಸಿದಾಗಲೂ ಬೆಳಕು ಕಂಡರೆ, ತನಗಿಂತ ತುರ್ತಿನ ಸುದ್ದಿ ಹೊರಟಿದೆಯೆಂದು ತಿಳಿದು ಸುಮ್ಮನಾಗುತ್ತಾನೆ. ಗುರುತಿನ ಸಂಖ್ಯೆ ಚಿಕ್ಕದಾದಷ್ಟೂ ಸುದ್ದಿ ಮುಖ್ಯ. ಜಗಳವಿಲ್ಲದೆ, ಒಂದಕ್ಷರವೂ ವ್ಯರ್ಥವಾಗದೆ ಸರದಿ ತೀರ್ಮಾನವಾಗುತ್ತದೆ.

ಅಲೆ ಮತ್ತು ಏರಿ

ಈಗ ನಮ್ಮ ಕಥೆಯ ಮುಖ್ಯ ಭಾಗಕ್ಕೆ ಬರೋಣ. ತುಂಬಿದ ಕೆರೆಯಲ್ಲಿ ಅಲೆಗಳನ್ನು ನೋಡಿದ್ದೀರಷ್ಟೆ. ಅಲೆಯು ಕಲ್ಲು ಕಟ್ಟಿದ ಏರಿಗೆ ಬಡಿದರೆ ಹಿಂದಿರುಗುತ್ತದೆ. ಹಿಂದಿರುಗಿದ ಅಲೆಯೂ ಬರುವ ಅಲೆಯೂ ಕಲೆತು ನೀರು ಕಲಕುತ್ತದೆ. ಎದುರು ದಡದಲ್ಲಿ, ಮರಳು ಇಳಿಜಾರಾಗಿ ಹರಡಿರುವೆಡೆ, ಅದೇ ಅಲೆ ಮೆಲ್ಲಗೆ ಏರಿ ಅಲ್ಲಿಯೇ ಅಡಗಿಹೋಗುತ್ತದೆ.

ತಂತಿಯಲ್ಲಿ ಸಾಗುವ ವಿದ್ಯುತ್ ಸಂಜ್ಞೆಯೂ ಒಂದು ಅಲೆಯೇ. ತಂತಿಯ ಕೊನೆ ಹಾಗೆಯೇ ತೆರೆದಿದ್ದರೆ ಅಲೆ ಅಲ್ಲಿಂದ ಹಿಂದಿರುಗಿ ಮುಂದಿನ ಅಕ್ಷರಗಳೊಡನೆ ಕಲೆತುಬಿಡುತ್ತದೆ. ಹೊಸೆದ ಈ ಜೊತೆತಂತಿಯ ಸ್ವಭಾವಕ್ಕೆ ಸರಿಹೊಂದುವ ರೋಧವನ್ನು ಕೊನೆಯಲ್ಲಿ ಜೋಡಿಸಿದರೆ ಅದು ಮರಳುದಡದಂತೆ ಅಲೆಯನ್ನು ಹೀರಿಕೊಳ್ಳುತ್ತದೆ. ಆ ರೋಧದ ಬೆಲೆ ೧೨೦ ಓಮ್. ಆದ್ದರಿಂದ ತಂತಿಯ ಎರಡು ಕೊನೆಗಳಲ್ಲಿಯೂ ೧೨೦ ಓಮಿನ ಒಂದೊಂದು ರೋಧಕವಿರುತ್ತದೆ. ಇವಕ್ಕೆ ಇನ್ನೊಂದು ಕೆಲಸವೂ ಉಂಟು: ಮಾತು ಮುಗಿದ ಕೂಡಲೇ ಎರಡು ತಂತಿಗಳನ್ನೂ ಮತ್ತೆ ಸಮಾನ ವೋಲ್ಟೇಜಿಗೆ ತರುವುದು ಇವೇ.

ತಂತಿಯಲ್ಲಿ ಅಲೆಯ ವೇಗ ಬೆಳಕಿನ ವೇಗದ ಸುಮಾರು ಮೂರರಲ್ಲಿ ಎರಡು ಪಾಲು. ನಿಯಮವು ಒಪ್ಪುವ ೪೦ ಮೀಟರು ಉದ್ದದ ತಂತಿಯಲ್ಲಿ ಅಲೆ ಹೋಗಿ ಬರಲು ಒಂದು ಅಕ್ಷರದ ಕಾಲದ ಹತ್ತನೆಯ ಒಂದು ಪಾಲು ಸಾಕು. ಯಂತ್ರದ ತಂತಿ ಇದಕ್ಕಿಂತ ಗಿಡ್ಡವಾದ್ದರಿಂದ, ಒಂದು ರೋಧಕ ಕಳಚಿಹೋದರೂ ಯಂತ್ರವು ಕೆಲವೊಮ್ಮೆ ನಡೆಯುತ್ತಲೇ ಇರುತ್ತದೆ. ನಡೆಯುತ್ತಿದೆ ಎಂದ ಮಾತ್ರಕ್ಕೆ ಆರೋಗ್ಯವಾಗಿದೆ ಎಂದು ತಿಳಿಯಲಾಗದು.

ಮೀಟರು ಹೇಳುವ ಕಥೆ

೧೨೦ ಓಮಿನ ಎರಡು ರೋಧಕಗಳು ಎರಡು ತಂತಿಗಳ ನಡುವೆ ಸಮಾಂತರವಾಗಿ ಕುಳಿತಿವೆ. ಸಮಾಂತರದಲ್ಲಿರುವ ಎರಡು ಸಮಾನ ರೋಧಗಳ ಒಟ್ಟು ಬೆಲೆ ಅವುಗಳಲ್ಲಿ ಒಂದರ ಅರ್ಧ. ಆದ್ದರಿಂದ ಯಂತ್ರದ ವಿದ್ಯುತ್ತನ್ನು ಆರಿಸಿ, ಒಂದೆರಡು ನಿಮಿಷ ಬಿಟ್ಟು, ಎರಡು ತಂತಿಗಳ ನಡುವಣ ರೋಧವನ್ನು ಅಳೆದರೆ ಸುಮಾರು ೬೦ ಓಮ್ ಬರಬೇಕು. ವಿದ್ಯುತ್ತನ್ನು ಆರಿಸುವುದು ಅವಶ್ಯ. ಮೀಟರು ತನ್ನದೇ ಅಲ್ಪ ಪ್ರವಾಹದಿಂದ ರೋಧವನ್ನು ಅಳೆಯುವುದರಿಂದ ಬೇರೆ ವೋಲ್ಟೇಜು ಇದ್ದರೆ ಅದರ ಮಾತು ಸುಳ್ಳಾಗುತ್ತದೆ. ಅನೇಕ ಭಾರಿ ಯಂತ್ರಗಳ ಚಾಲಕನ ಕೋಣೆಯಲ್ಲಿ ಒಂಬತ್ತು ಕಡ್ಡಿಗಳ ದುಂಡನೆಯ ಪರೀಕ್ಷಾ ಜೋಡಕವಿರುತ್ತದೆ. ಅದರಲ್ಲಿ 'ಸಿ' ಮತ್ತು 'ಡಿ' ಎಂಬ ಗುರುತಿನ ಕಡ್ಡಿಗಳೇ ಈ ಎರಡು ತಂತಿಗಳು.

ಮೀಟರಿನಲ್ಲಿ ೬೦ರ ಬದಲು ೧೨೦ ಬಂದರೆ ಒಂದು ರೋಧಕ ಮಾತ್ರ ಕಾಣುತ್ತಿದೆ. ಎಂದರೆ ಇನ್ನೊಂದು ಕಳಚಿದೆ, ಇಲ್ಲವೇ ನಡುವೆ ತಂತಿ ತುಂಡಾಗಿದೆ. ೪೦ ಬಂದರೆ ಯಾರೋ ತಿಳಿಯದೆ ಮೂರನೆಯ ರೋಧಕವನ್ನು ಸೇರಿಸಿದ್ದಾರೆ. ಸೊನ್ನೆಯ ಸಮೀಪ ಬಂದರೆ ಎರಡು ತಂತಿಗಳೂ ಒಂದನ್ನೊಂದು ಮುಟ್ಟಿವೆ. ಸಾವಿರಾರು ಓಮ್ ಬಂದರೆ ಎರಡು ರೋಧಕಗಳೂ ದಾರಿ ತಪ್ಪಿವೆ.

ಆಮೇಲೆ ವಿದ್ಯುತ್ತನ್ನು ಹಚ್ಚಿ, ಯಂತ್ರದ ನೆಲತಂತಿಗೂ ಒಂದೊಂದು ತಂತಿಗೂ ನಡುವಣ ವೋಲ್ಟೇಜನ್ನು ನೋಡಬೇಕು. ಎರಡೂ ೨.೫ರ ಆಸುಪಾಸಿನಲ್ಲಿದ್ದು, ಕೂಡಿದರೆ ಸುಮಾರು ೫ ಬರಬೇಕು. ಯಾವುದಾದರೂ ಸೊನ್ನೆಯಾಗಿದ್ದರೆ ಆ ತಂತಿ ಯಂತ್ರದ ಉಕ್ಕಿನ ಮೈಯನ್ನು ಮುಟ್ಟಿರಬಹುದು. ೨೪ ಬಂದರೆ ಬ್ಯಾಟರಿಯ ತಂತಿಯನ್ನು ಮುಟ್ಟಿದೆ. ಇಂತಹ ಯಂತ್ರಗಳಲ್ಲಿ ೧೨ ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆಂಬುದನ್ನು ನೆನೆಯಿರಿ.

ಮೌನವೆಲ್ಲ ಮರಣವಲ್ಲ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎಂಜಿನ್ನಿನ ನಿಯಂತ್ರಕವು ಮಾತನಾಡುತ್ತಿಲ್ಲವೆಂದು ಪರದೆಯೇ ಸಾರುತ್ತಿರುವಾಗ ಅದನ್ನು ಬದಲಿಸಿದ್ದರಲ್ಲಿ ತಪ್ಪೇನು?

ಪ್ರತಿಯೊಂದು ನಿಯಂತ್ರಕದಲ್ಲಿಯೂ ತಪ್ಪುಗಳ ಒಂದು ಲೆಕ್ಕವಿರುತ್ತದೆ. ಕಳಿಸಿದ ಸುದ್ದಿ ಕೆಟ್ಟರೆ ಲೆಕ್ಕಕ್ಕೆ ೮ ಸೇರುತ್ತದೆ. ಸರಿಯಾಗಿ ಹೋದರೆ ೧ ಕಳೆಯುತ್ತದೆ. ಲೆಕ್ಕವು ೨೫೫ನ್ನು ದಾಟಿದರೆ, "ನನ್ನಿಂದಲೇ ಎಲ್ಲರಿಗೂ ತೊಂದರೆಯಾಗುತ್ತಿರಬಹುದು" ಎಂಬಂತೆ ನಿಯಂತ್ರಕವು ತಾನಾಗಿಯೇ ಮಾತು ನಿಲ್ಲಿಸುತ್ತದೆ. ಸಾಲಾಗಿ ಮೂವತ್ತೆರಡು ಸುದ್ದಿಗಳು ಹೀಗೆ ಕೆಟ್ಟರೆ ಸಾಕು, ಆರೋಗ್ಯವಾದ ನಿಯಂತ್ರಕವೂ ಮೌನ ತಾಳಬಹುದು. ತಂತಿ ನಡುವೆ ತುಂಡಾಗಿದ್ದರಂತೂ ಅದು ಮಾತನಾಡಿದರೂ ಇತರರಿಗೆ ಕೇಳಿಸದು.

ಪರದೆಯ ಮೇಲಿನ ಸಂಖ್ಯೆ ದೂರು ಕೊಟ್ಟವರ ಮಾತು. ಅಪರಾಧಿಯ ಹೆಸರು ಆಗಿರಬೇಕಾಗಿಲ್ಲ. ಎಲ್ಲ ನಿಯಂತ್ರಕಗಳೂ ಒಂದೇ ನಿಯಂತ್ರಕದ ಮೇಲೆ ದೂರು ಹೇಳುತ್ತಿದ್ದರೆ, ಆ ನಿಯಂತ್ರಕವನ್ನೂ ಅದಕ್ಕೆ ಹೋಗುವ ದಾರಿಯನ್ನೂ ನೋಡಬೇಕು. ಮೊದಲಿಗೆ ಅದಕ್ಕೆ ವಿದ್ಯುತ್ತು ಮತ್ತು ನೆಲತಂತಿ ಸರಿಯಾಗಿ ಮುಟ್ಟುತ್ತಿವೆಯೇ ಎಂದು ನೋಡಬೇಕು. ಯಾರ ಮಾತೂ ಯಾರಿಗೂ ಕೇಳಿಸದಿದ್ದರೆ ಎಲ್ಲರಿಗೂ ಸೇರಿದ ತಂತಿಯಲ್ಲೇ ದೋಷವಿರುವುದು ಸಂಭವ.

ಕೆರೆಯಂಗಳಕ್ಕೆ ಮರಳಿ

ಹಿರಿಯೂರಿನ ಆ ಕೆಲಸಗಾರನು ಬಂದವನೇ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಪರೀಕ್ಷಾ ಜೋಡಕದಲ್ಲಿ ರೋಧವನ್ನು ಅಳೆದನು. ಮೀಟರಿನಲ್ಲಿ ೬೦ ಓಮ್ ಬಂದಿತು! ತಂತಿ ಸರಿಯಾಗಿದೆಯಲ್ಲ ಎಂದು ನಾನು ಹೇಳಬೇಕೆಂದಿದ್ದೆ. ಅವನು ನಕ್ಕು, "ಯಂತ್ರ ಈಗ ಮಲಗಿದೆ ಮೇಷ್ಟ್ರೇ. ರೋಗ ಬರೋದು ಅದು ಕುಲುಕಾಡುವಾಗ. ನೀವು ಮೀಟರು ನೋಡ್ತಾ ಇರಿ, ನಾನು ಒಂದೊಂದೇ ಕಡೆ ಅಲ್ಲಾಡಿಸ್ತೀನಿ. ಅಂಕಿ ಬದಲಾದ ಕೂಡಲೆ ಕೂಗಿ" ಎಂದನು.

ಅವನು ಚಾಲಕನ ಆಸನದ ಕೆಳಗಿನ ತಂತಿಗಳ ಕಟ್ಟನ್ನು ಅಲ್ಲಾಡಿಸಿದನು. ೬೦ ಹಾಗೆಯೇ ಇತ್ತು. ಕೋಣೆಯ ಹಿಂಬದಿಯ ಕಟ್ಟನ್ನು ಹಿಡಿದು ಎಳೆದನು, ಬದಲಾವಣೆಯಿಲ್ಲ. ಅಲ್ಲಿಂದ ಎಂಜಿನ್ನಿನ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ಜೋಡಕವನ್ನು ಮುಟ್ಟುತ್ತಲೇ ಅಂಕಿ ೬೦ರಿಂದ ಎಗರಿ ೧೨೦ರ ಹತ್ತಿರ ನಿಂತಿತು. ನಾನು ಕೂಗಿದೆ. ಕೈ ಬಿಟ್ಟನು, ಮತ್ತೆ ೬೦. ಮುಟ್ಟಿದನು; ೧೨೦. ಎಂಜಿನ್ನಿನ ಕಡೆಯ ರೋಧಕವೂ ಅದರೊಡನೆ ಎಂಜಿನ್ನಿನ ನಿಯಂತ್ರಕವೂ ಆ ಕ್ಷಣ ನಮ್ಮಿಂದ ಬೇರೆಯಾಗುತ್ತಿದ್ದವು. ಎಲ್ಲಿ ತುಂಡಾಗಿದೆ, ಯಾರ ಮಾತು ಯಾರಿಗೆ ತಲುಪುತ್ತಿಲ್ಲ ಎಂಬುದೆಲ್ಲ ಒಂದೇ ಅಂಕಿಯಿಂದ ಸ್ಪಷ್ಟವಾಯಿತು.

ಜೋಡಕವನ್ನು ಬಿಚ್ಚಿದಾಗ ಒಳಗಿನ ರಬ್ಬರು ಬಿರುಕುಬಿಟ್ಟಿತ್ತು. ಯಂತ್ರವನ್ನು ರಭಸದ ನೀರಿನಿಂದ ತೊಳೆಯುವಾಗ ಒಳಕ್ಕೆ ನೀರು ಹೋಗಿ, ಒಂದು ಕಡ್ಡಿಗೆ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಹಿಡಿಯಬೇಕಾದ ತೂತು ಸಡಿಲವಾಗಿತ್ತು. ಮಲಗಿದ್ದಾಗ ಮುಟ್ಟುತ್ತಿದ್ದ ಕಡ್ಡಿ ಕುಲುಕಿದಾಗ ಬಿಡುತ್ತಿತ್ತು. ಹೊಸ ನಿಯಂತ್ರಕವನ್ನು ಹಾಕಿದಾಗ ಯಂತ್ರವು ಒಂದು ದಿನ ನಡೆದುದಕ್ಕೂ ಕಾರಣ ಈಗ ತಿಳಿಯಿತು. ಪೆಟ್ಟಿಗೆಯನ್ನು ಬದಲಿಸುವಾಗ ತಂತಿಗಳ ಕಟ್ಟು ಸರಿದು ಕಡ್ಡಿ ಮತ್ತೆ ಮುಟ್ಟಿತ್ತು. ಗುಣವಾದುದು ಹೊಸ ಪೆಟ್ಟಿಗೆಯಿಂದಲ್ಲ, ಕೈ ತಗಲಿದ್ದರಿಂದ. ಒಂದು ಕೆಲಸವಾದ ಮೇಲೆ ಒಂದು ಫಲ ಕಂಡಿತೆಂದು, ಆ ಕೆಲಸವೇ ಫಲಕ್ಕೆ ಕಾರಣವೆಂದು ನಂಬುವುದು ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ದೋಷವು ಹೀಗೆ ಬಂದುಹೋಗುವಂಥದ್ದಲ್ಲದೆ ಸ್ಥಿರವಾಗಿದ್ದರೆ ಹುಡುಕುವುದು ಇನ್ನೂ ಸುಲಭ. ದಾರಿಯಲ್ಲಿ ಎಂಟು ಎಡೆಗಳಲ್ಲಿ ಎಲ್ಲಾದರೊಂದು ಕಡೆ ತಂತಿ ಕಡಿದಿರಬಹುದೆನ್ನೋಣ. ಒಂದು ತುದಿಯಿಂದ ಒಂದೊಂದನ್ನೇ ನೋಡುತ್ತ ಹೋಗಬೇಕಾಗಿಲ್ಲ. ನಟ್ಟನಡುವೆ ಬಿಚ್ಚಿ ಎರಡು ಕಡೆಗೂ ಅಳೆಯಿರಿ. ಒಳ್ಳೆಯ ಅರ್ಧದಲ್ಲಿ ೧೨೦ ಓಮ್ ಬರುತ್ತದೆ. ಕೆಟ್ಟ ಅರ್ಧದಲ್ಲಿ ಬರುವುದಿಲ್ಲ. ಕೆಟ್ಟ ಅರ್ಧವನ್ನು ಮತ್ತೆ ಎರಡು ಮಾಡಿರಿ. ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ, ಎರಡು ಒಂದಾಗಿ, ಮೂರೇ ಅಳತೆಗಳಲ್ಲಿ ದೋಷ ಸಿಕ್ಕಿಬೀಳುತ್ತದೆ.

ಹೊಸ ಕಡ್ಡಿಯನ್ನೂ ರಬ್ಬರನ್ನೂ ಹಾಕಿ, ಕಟ್ಟನ್ನು ಅಲ್ಲಾಡದಂತೆ ಬಿಗಿದಮೇಲೆ ಯಂತ್ರವು ನಡೆಯಿತು. ಆದರೆ ಅಷ್ಟರಲ್ಲಿ ಹನ್ನೊಂದು ದಿನಗಳು ಕಳೆದುಹೋಗಿದ್ದವು. ಮತ್ತೆ ಒಂದು ವಾರ ಮಾತ್ರ ಕೆಲಸ ಸಾಗಿತು. ಆಮೇಲೆ ಮಳೆ ಬಂದಿತು. ಕೆರೆಯ ಮೂಡಣ ಭಾಗದ ಹೂಳು ಹಾಗೆಯೇ ಉಳಿಯಿತು. ಸಾಲಿನಲ್ಲಿ ಕಾದಿದ್ದ ಕೆಲವು ಹೊಲಗಳಿಗೆ ಆ ವರ್ಷ ಗೋಡುಮಣ್ಣು ಬೀಳಲಿಲ್ಲ.

ಜಾರ್ಜ್ ಓಮನು ತನ್ನ ನಿಯಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ್ದು ೧೮೨೭ರಲ್ಲಿ. ಸಮಾಂತರ ರೋಧಗಳ ಲೆಕ್ಕವನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಆ ಬೇಸಿಗೆಯಿಂದ ಈಚೆಗೆ ನಾನು ಪ್ರಯೋಗಶಾಲೆಯಲ್ಲಿ ಒಂದು ಪ್ರಯೋಗವನ್ನು ಸೇರಿಸಿಕೊಂಡಿದ್ದೇನೆ. ವಾಚಕರೂ ಮಾಡಿ ನೋಡಬಹುದು. ಹತ್ತು ಮಾರು ಉದ್ದದ ಜೊತೆತಂತಿಯನ್ನು ತೆಗೆದುಕೊಂಡು ಹೊಸೆಯಿರಿ. ಎರಡು ಕೊನೆಗಳಿಗೂ ೧೨೦ ಓಮಿನ ಒಂದೊಂದು ರೋಧಕವನ್ನು ಜೋಡಿಸಿರಿ. ದಾರಿಯಲ್ಲಿ ಏಳೆಂಟು ಕಡೆ ತಂತಿಯನ್ನು ಕತ್ತರಿಸಿ, ಬಿಚ್ಚಿ ಕೂಡಿಸಬಹುದಾದ ಜೋಡಕಗಳನ್ನು ಹಾಕಿರಿ. ನಡುವೆ ಎಲ್ಲಿಯಾದರೂ ಅಳೆದರೆ ೬೦ ಬರಬೇಕು. ಆಮೇಲೆ ನೀವು ಹೊರಗೆ ಹೋಗಿರಿ. ಗೆಳೆಯನು ಒಂದು ಜೋಡಕದೊಳಗೆ ಒಂದು ತಂತಿಯನ್ನು ಗುಟ್ಟಾಗಿ ಬಿಡಿಸಿಡಲಿ. ಒಳಗೆ ಬಂದು ಮೀಟರನ್ನು ಹಿಡಿಯಿರಿ. ಮೂರು ಅಳತೆಗಳೊಳಗೆ ದೋಷದ ಸ್ಥಳವನ್ನು ಹೇಳಬಲ್ಲಿರಾದರೆ, ಮುಂದಿನ ಬೇಸಿಗೆಯಲ್ಲಿ ಯಾವುದಾದರೊಂದು ಕೆರೆಯಂಗಳದಲ್ಲಿ ಯಂತ್ರ ಮಾತು ಬಿಟ್ಟು ನಿಂತಾಗ ನೀವು ಸುಮ್ಮನೆ ನೋಡುತ್ತ ನಿಲ್ಲಬೇಕಾಗುವುದಿಲ್ಲ.